‘ತಲೆದಂಡ’ದ ಮೊದಲ ಹೊಸ್ತಿಲು

ಉತ್ತಮ ನಾಟಕದಲ್ಲಿ ಮೊದಲ ದೃಶ್ಯವು ಮುಂದಿನ ಕಾರ್ಯಕ್ಕೆಲ್ಲ ಬೀಜಸ್ವರೂಪವಾಗಿರುತ್ತದೆ. ಗಿರೀಶ ಕಾರ್ನಾಡರ ‘ತಲೆದಂಡ’ (1990) ಇದಕ್ಕೆ ನಿದರ್ಶನ. ಕಲ್ಯಾಣದ ಶರಣರನ್ನು ಕುರಿತ ಈ ನಾಟಕವು ಅನುಭವಮಂಟಪದಲ್ಲಾಗಲಿ, ಬಿಜ್ಜಳನ ಅರಮನೆಯಲ್ಲಾಗಲಿ ಆರಂಭವಾಗದೆ, ಬ್ರಾಹ್ಮಣರ ಕೇರಿಯ ಒಂದು ಮನೆಯಲ್ಲಿ ಆರಂಭವಾಗುತ್ತದೆ.

ಹಾಸಿಗೆ ಹಿಡಿದ ಸಾಂಬಶಿವಶಾಸ್ತ್ರಿಗಳು ಮಗನ ಹೆಸರನ್ನೇ ಕನವರಿಸುತ್ತಿದ್ದಾರೆ. ತಾಯಿ ಅಂಬೆ ಕಳವಳಗೊಂಡಿದ್ದಾಳೆ. ಶರಣನಾದ ಮಗ ಜಗದೇವ ಬರುತ್ತಾನೆ; ಜೊತೆಗೆ ಅಸ್ಪೃಶ್ಯ ಕುಲದ ಗೆಳೆಯ ಮಲ್ಲಿಬೊಮ್ಮನಿದ್ದಾನೆ. ಮಲ್ಲಿಬೊಮ್ಮ ಒಳಗೆ ಬರಲು ಹಿಂಜರಿಯುತ್ತಾನೆ. ಜಗದೇವ ಬರಲೇಬೇಕೆಂದು ಹಟ ಹಿಡಿಯುತ್ತಾನೆ.

ಇಲ್ಲಿ ಹೊಸ್ತಿಲು ಕೇವಲ ಮರದ ತುಂಡಲ್ಲ. ಶತಮಾನಗಳ ಕುಲಭೇದವೇ ಅಲ್ಲಿ ಅಡ್ಡಲಾಗಿ ಮಲಗಿದೆ. ಅದನ್ನು ದಾಟಿಸಬೇಕೆಂಬ ಜಗದೇವನ ನಿಷ್ಠೆಯಲ್ಲಿ ಸಂದೇಹವಿಲ್ಲ. ಆದರೆ ಅವನ ಕಿವಿ ತಂದೆಯ ಕರೆಗೂ ಗೆಳೆಯನ ಅಂಜಿಕೆಗೂ ಸಮನಾಗಿ ತೆರೆದಿಲ್ಲ. ಕಣ್ಣು ಕೇರಿಯ ಜನರ ಮೇಲಿದೆ. ಧೈರ್ಯವುಂಟು, ತಾಳ್ಮೆಯಿಲ್ಲ. ನಾಟಕಾಂತ್ಯದಲ್ಲಿ ಬಿಜ್ಜಳನ ಮೇಲೆ ಆಯುಧವೆತ್ತುವವನೂ ಇದೇ ಜಗದೇವ. ಆ ಆವೇಶದ ಮೊಳಕೆ ಈ ಬಾಗಿಲಲ್ಲಿಯೇ ಕಾಣುತ್ತದೆ.

ನಮ್ಮ ಪ್ರಸಾದನಿಲಯದ ಮಕ್ಕಳೊಡನೆ ಈ ಭಾಗವನ್ನು ಓದುತ್ತಿದ್ದಾಗ ಯಲಬುರ್ಗಾ ಕಡೆಯ ಹುಡುಗನೊಬ್ಬ, “ಬುದ್ಧೀ, ಜಗದೇವ ಮರುದಿನ ಆ ಕೇರಿ ಬಿಟ್ಟು ಹೋಗಬಹುದು. ಸಿಟ್ಟಾದ ಜನರ ಕೈಗೆ ಸಿಗುವವನು ಮಲ್ಲಿಬೊಮ್ಮನಲ್ಲವೇ?” ಎಂದು ಕೇಳಿದ. ವಿಶ್ವವಿದ್ಯಾಲಯದಲ್ಲಿ ನಾವು ಕೇಳಿದ ಉಪನ್ಯಾಸಗಳಲ್ಲಿ ಈ ಪ್ರಶ್ನೆ ಬಂದ ನೆನಪಿಲ್ಲ. ಹಿಂಜರಿಯುವವನು ಹೇಡಿಯಲ್ಲ, ಹೊಸ್ತಿಲಿನ ಬೆಲೆಯನ್ನು ಬಲ್ಲವನು.

ಆ ಬೆಲೆಯನ್ನು ನಮ್ಮ ಸೀಮೆಯೂ ಕಂಡಿದೆ. 2021ರಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬದ ಪುಟ್ಟ ಮಗುವೊಂದು ಗುಡಿಯೊಳಗೆ ಕಾಲಿಟ್ಟಿತೆಂದು ಶುದ್ಧೀಕರಣದ ಹೆಸರಿನಲ್ಲಿ ದಂಡ ಕೇಳಲಾಯಿತು. 2014ರಲ್ಲಿ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಮನೆಗಳು ಉರಿದವು. ಕ್ಷೌರದಂಗಡಿ, ಹೋಟೆಲುಗಳ ಪ್ರವೇಶದ ವಿವಾದವೂ ಅದರ ಹಿಂದಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯವು 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಆದ್ದರಿಂದ ಜಗದೇವನ ದೋಷವನ್ನು ಎತ್ತಿ ತೋರಿಸಿ, ಬಾಗಿಲು ಮುಚ್ಚಿಕೊಂಡವರು ಸಮಾಧಾನಪಡುವಂತಿಲ್ಲ. ಅವನು ಆತುರದಿಂದಲಾದರೂ ಗೆಳೆಯನನ್ನು ಕರೆದ; ಅವರು ಕರೆಯಲೇ ಇಲ್ಲ. ಹೊಸ್ತಿಲು ದಾಟುವ ಭಾರವನ್ನು ಹೊರಗಿನವನ ಹೆಗಲಿಗೆ ಹೊರಿಸದೆ, ಒಳಗಿನವರೇ ಎದ್ದು ಬಂದು, ಅವನ ಅಂಜಿಕೆಯನ್ನು ಅರಿತು, ಅವನಿಗೆ ಕೇಡಾಗದಂತೆ ಜೊತೆ ನಿಲ್ಲಬೇಕು. ಸದ್ಭಕ್ತರು ಈ ದೃಶ್ಯವನ್ನು ಓದುವಾಗ ತಮ್ಮ ಮನೆಯ ಬಾಗಿಲನ್ನೂ ಒಮ್ಮೆ ನೋಡಿಕೊಳ್ಳಲಿ.