ಆಪರೇಟರ್ ಅಪ್ಪನ ಜೊತೆ ದುರ್ಗದಲ್ಲಿ ಎರಡು ದಿನ

ಓದುಗ ಮಿತ್ರರೇ, ಈ ಪತ್ರಿಕೆಯನ್ನು ಬಸ್‌ಸ್ಟ್ಯಾಂಡಿನಲ್ಲಿ ಕೊಂಡಿದ್ದರೆ ನೀವೂ ಎಲ್ಲಿಗೋ ಹೊರಟವರೇ ತಾನೆ? ಹಾಗಾದರೆ ಬಸ್ಸು ಬರುವವರೆಗೆ ಒಂದು ಪ್ರಶ್ನೆ. ಮದುವೆ, ಸಾವು, ಕೋರ್ಟು, ಆಸ್ಪತ್ರೆ ಯಾವುದೂ ಇಲ್ಲದೆ, ಸುಮ್ಮನೆ ಊರು ನೋಡೋಕೆ ಅಂತ ನಿಮ್ಮ ಅಪ್ಪನ ಪಕ್ಕ ಕೂತು ಬಸ್ಸಿನಲ್ಲಿ ಹೋದದ್ದು ಯಾವಾಗ?

ನನ್ನನ್ನು ಕೇಳಿದರೆ, ಮೊನ್ನೆ ಡಿಸೆಂಬರಿನವರೆಗೆ ಒಂದು ಸಲವೂ ಇಲ್ಲ!

ಕಾರಣವಿದೆ. ನಮ್ಮಪ್ಪ ತಿಪಟೂರು ಕಡೆಯ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. 1974ರಲ್ಲಿ, ಹದಿನೈದನೇ ವಯಸ್ಸಿಗೆ, ರೀಲು ಸುತ್ತುವ ಹುಡುಗನಾಗಿ ಕ್ಯಾಬಿನ್ ಹೊಕ್ಕರು. ಆಮೇಲೆ ಲೈಸೆನ್ಸ್ ಮಾಡಿಸಿಕೊಂಡು ಮೆಷಿನ್‌ಗೆ ಕೈ ಹಾಕಿದರು. ಟಾಕೀಸಿಗೆ ರಜಾ ಎಲ್ಲಿಂದ ಬರಬೇಕು ಹೇಳಿ! ಉಳಿದವರಿಗೆ ಹಬ್ಬ ಅಂದರೆ ಹೋಳಿಗೆ. ಆಪರೇಟರ್ ಮನೆಗೆ ಹಬ್ಬ ಅಂದರೆ ಹೊಸ ಪಿಕ್ಚರ್ ರಿಲೀಸು, ಒಂದು ಆಟ ಜಾಸ್ತಿ. ಯುಗಾದಿ ದಿನ ನಾವು ಉಣ್ಣುವಾಗ ಅಪ್ಪನ ಊಟ ಕ್ಯಾರಿಯರ್‌ನಲ್ಲಿ ಕ್ಯಾಬಿನ್‌ಗೆ ಹೋಗುತ್ತಿತ್ತು. ಒಯ್ಯುತ್ತಿದ್ದವನು ನಾನೇ. ಸೆಕೆಂಡ್ ಶೋ ಮುಗಿಸಿ ಅವರು ಮನೆಗೆ ಬರುವಾಗ ನಮಗೆ ನಿದ್ದೆ. ಬೆಳಿಗ್ಗೆ ನಾವು ಇಸ್ಕೂಲಿಗೆ ಹೊರಡುವಾಗ ಅವರಿಗೆ ನಿದ್ದೆ!

2020ರ ಮಾರ್ಚ್‌ನಲ್ಲಿ ಕೊರೋನಾ ಅಂತ ಟಾಕೀಸಿಗೆ ಬೀಗ ಬಿತ್ತು. ಆ ಬೀಗ ಮತ್ತೆ ತೆಗೆಯಲಿಲ್ಲ. ನಲವತ್ತಾರು ವರ್ಷದ ದುಡಿಮೆಗೆ ಸಿಕ್ಕಿದ್ದು ಒಂದು ಶಾಲು, ಒಂದು ಗೋಡೆ ಗಡಿಯಾರ, ಮತ್ತೆ ತಿಂಗಳಿಗೆ ಸಾವಿರ ಚಿಲ್ಲರೆ ಪಿಂಚಣಿ. ರಿಟೈರ್ ಆದವರು ಮೊಮ್ಮಕ್ಕಳ ಜೊತೆ ಊಟಿ, ಕಾಶಿ, ಸಿಂಗಪುರ ಅಂತ ತಿರುಗುವುದನ್ನು ಜಾಹೀರಾತಿನಲ್ಲಿ ನೋಡುತ್ತೀರಲ್ಲ, ನಮ್ಮಪ್ಪ ಮಾತ್ರ ಮನೆ ಜಗಲಿ ಮೇಲೆ ಕೂತರು. ಸುಮ್ಮನೆ ಕೂತರು ಅನ್ನುವಂತೆಯೂ ಇಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ನಿಲ್ಲುತ್ತಾರೆ! ಸುಮ್ಮಸುಮ್ಮನೆ ಎದ್ದು, ಆ ಕಡೆ ಈ ಕಡೆ ನೋಡಿ, ಮತ್ತೆ ಕೂರುತ್ತಾರೆ. ಎರಡು ಸಾವಿರ ಅಡಿಯ ರೀಲು ಓಡುವುದು ಇಪ್ಪತ್ತು ಇಪ್ಪತ್ತೆರಡು ನಿಮಿಷ. ಅಷ್ಟರಲ್ಲಿ ಎದ್ದು ಎರಡನೇ ಮೆಷಿನ್ ಸಿದ್ಧ ಮಾಡಬೇಕು. ಮೆಷಿನ್ ಹೋಯಿತು, ಅಭ್ಯಾಸ ಹೋಗಲಿಲ್ಲ.

ಮೊನ್ನೆ ಅಮ್ಮ ಫೋನಿನಲ್ಲಿ ಅಂದರು: “ಎಲ್ಲಾದ್ರೂ ಕರ್ಕೊಂಡು ಹೋಗೋ ಮಗಾ. ನನ್ನ ಮಂಡಿ ಇನ್ನೆಷ್ಟು ದಿನ ನಡೀತದೋ.” ಎಲ್ಲಿಗೆ ಅಂತ ಅಪ್ಪನನ್ನು ಕೇಳಿದರೆ ಒಂದೇ ಮಾತು: “ದುರ್ಗ.”

ನಗಬೇಡಿ. ‘ನಾಗರಹಾವು’ 1972ರಲ್ಲಿ ಬಂದ ಪಿಕ್ಚರ್ರು. ಅಪ್ಪ ಕ್ಯಾಬಿನ್ ಸೇರುವ ಹೊತ್ತಿಗೆ ಅದರ ಮೊದಲ ಓಟ ಮುಗಿದಿತ್ತು. ಆದರೆ ಆಮೇಲೆ ಎಷ್ಟು ಸಲ ಮರಳಿ ಬಂತೋ ಲೆಕ್ಕವಿಲ್ಲ. ಕಲೆಕ್ಷನ್ ಬಿದ್ದಾಗಲೆಲ್ಲ ಆ ಪೆಟ್ಟಿಗೆ ತರಿಸುವುದು, ಹೌಸ್‌ಫುಲ್ ಬೋರ್ಡು ಹಾಕುವುದು! ನೂರಾರು ಆಟ ತೋರಿಸಿದ ಮನುಷ್ಯ, ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲದ ಚಿತ್ರದುರ್ಗವನ್ನು ಒಂದು ಸಲವೂ ಕಣ್ಣಲ್ಲಿ ನೋಡಿರಲಿಲ್ಲ.

ಬಿಟ್ಟಿ ಪಾಸಿನ ಪ್ರಯಾಣ

ಬೆಳಗಿನ ಚಳಿಯಲ್ಲಿ ಹೊರಟೆವು. ಚಿಕ್ಕನಾಯಕನಹಳ್ಳಿ, ಹುಳಿಯಾರು, ಹಿರಿಯೂರು. ತೆಂಗಿನ ತೋಟ ಕರಗುತ್ತ ಹೋಗಿ ಬಯಲು ಬಿಚ್ಚಿಕೊಳ್ಳುವ ದಾರಿ. ಕಂಡಕ್ಟರ್ ಬಂದ. ಅಮ್ಮ ಆಧಾರ್ ಕಾರ್ಡು ತೋರಿಸಿದರು, ಸೊನ್ನೆ ರೂಪಾಯಿಯ ಟಿಕೆಟ್ ಬಂತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆಯಲ್ಲ, ಹೆಂಗಸರಿಗೆ ಸಾದಾ ಬಸ್ಸಿನಲ್ಲಿ ದುಡ್ಡಿಲ್ಲ. ಅಪ್ಪನಿಗೆ ಅರವತ್ತು ದಾಟಿದ ಲೆಕ್ಕದಲ್ಲಿ ನೂರಕ್ಕೆ ಇಪ್ಪತ್ತೈದು ಕಡಿತ. ಪೂರ್ತಿ ತೆತ್ತವನು ನಾನೊಬ್ಬನೇ!

“ನೋಡ್ರೀ, ನಿಮ್ಮ ಟಾಕೀಸಲ್ಲಿ ನಿಮ್ಮ ಹೆಸರು ಹೇಳ್ಕೊಂಡು ಬಿಟ್ಟಿ ಕೂರ್ತಿದ್ದೆ. ಈಗ ನನ್ನ ಹೆಸರಲ್ಲೇ ಪಾಸು,” ಅಂದರು ಅಮ್ಮ. ಅಪ್ಪ ನಕ್ಕರು. ನಕ್ಕು, ಎದ್ದು ನಿಂತರು! ಹುಳಿಯಾರು ಇನ್ನೂ ಬಂದಿರಲಿಲ್ಲ. ಕಂಡಕ್ಟರ್ “ಯಜಮಾನ್ರೇ, ಸ್ಟಾಪ್ ಇಲ್ಲಿಲ್ಲ, ಕೂತ್ಕಳಿ” ಅಂದ. ರೀಲು ಬದಲಾಗುವ ಹೊತ್ತು ಅಂತ ಅವನಿಗೇನು ಗೊತ್ತು?

ಹಿರಿಯೂರಿನಲ್ಲಿ ಬಸ್ಸು ಬದಲಿಸಿ ಹೆದ್ದಾರಿಗೆ ಬಿದ್ದರೆ ಮುಂದಿನದು ಸಲೀಸು. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ರೆಕ್ಕೆ ತಿರುಗಿಸುತ್ತ ನಿಂತಿದ್ದವು. ದುರ್ಗ ಮುಟ್ಟಿ, ಲಾಡ್ಜಿನಲ್ಲಿ ಚೀಲ ಇಟ್ಟು, ಮಂಡಕ್ಕಿ ಮೆಣಸಿನಕಾಯಿ ತಿಂದು ಕೋಟೆಗೆ ನಡೆದೆವು.

ಏಳು ಸುತ್ತು, ನೂರು ನೆನಪು

ಕೋಟೆಯ ಬಾಗಿಲುಗಳು ನೇರವಾಗಿಲ್ಲ ಗೆಳೆಯರೇ. ಒಂದು ಬಾಗಿಲು ದಾಟಿದರೆ ದಾರಿ ಹಾವಿನಂತೆ ಹೊರಳುತ್ತದೆ, ಮುಂದಿನ ಬಾಗಿಲು ಹತ್ತಿರ ಹೋಗುವವರೆಗೆ ಕಣ್ಣಿಗೆ ಬೀಳುವುದಿಲ್ಲ. ಆನೆ ಓಡಿ ಬಂದು ಗುದ್ದಲಿಕ್ಕೆ ಜಾಗ ಸಿಗಬಾರದು ಅಂತ ಮಾಡಿದ ಉಪಾಯ. ಎಣ್ಣೆ ತುಂಬಿಡುತ್ತಿದ್ದ ಕೊಳ, ಮದ್ದು ಅರೆಯುತ್ತಿದ್ದ ಭಾರೀ ಬೀಸುಕಲ್ಲುಗಳು, ಏಕನಾಥೇಶ್ವರಿ ಗುಡಿ, ಹಿಡಿಂಬೇಶ್ವರನ ಗುಡಿ, ಉಯ್ಯಾಲೆ ಕಂಬ ಎಲ್ಲ ನೋಡುತ್ತ ಹೋದೆವು. ಇಷ್ಟು ಗಟ್ಟಿ ಕೋಟೆಯೂ 1779ರಲ್ಲಿ ಹೈದರಾಲಿಯ ಪಾಲಾಯಿತು. ಮದಕರಿನಾಯಕ ಸೆರೆಯಾದ.

ಅಪ್ಪ ಬಂಡೆಗಳನ್ನು ನೋಡುತ್ತಿದ್ದ ರೀತಿಯೇ ಬೇರೆ. “ಇದು ನಾಕನೇ ರೀಲು... ಇದು ಎಂಟನೇದು...” ಅಂತ ಗೊಣಗುತ್ತಿದ್ದರು! ವಿಷ್ಣುವರ್ಧನ್ ಮತ್ತು ಆರತಿಯ ಆ ಸ್ಲೋ ಮೋಷನ್ ಹಾಡಿನ ಮಾತು ಬಂದಾಗ ನಾನು ಬಾಯಿ ಹಾಕಿದೆ: “ಆ ಹಾಡಿಗೆ ಮೆಷಿನ್ ನಿಧಾನ ಮಾಡ್ತಿದ್ರಾ?”

ಅಪ್ಪನಿಗೆ ರೇಗಿತು. “ಹದಿನೈದು ವರ್ಷ ಕ್ಯಾಬಿನ್ನಿಗೆ ಊಟ ತಂದೋನು ನೀನು, ಇದು ಗೊತ್ತಿಲ್ವಾ? ನನ್ನ ಮೆಷಿನ್ ಯಾವತ್ತೂ ಸೆಕೆಂಡಿಗೆ ಇಪ್ಪತ್ನಾಕೇ ಚಿತ್ರ. ತೆಗೆಯೋವಾಗ ಕ್ಯಾಮೆರಾನ ಅದಕ್ಕಿಂತ ಜೋರಾಗಿ ಓಡಿಸ್ತಾರೆ ಕಣೋ. ಜೋರಾಗಿ ತೆಗ್ದಿದ್ದನ್ನ ಮಾಮೂಲಿ ಸ್ಪೀಡಲ್ಲಿ ಬಿಟ್ರೆ ನಿಧಾನ ಕಾಣ್ತದೆ.”

“ನಿಮ್ದೂ ಹಂಗೇ,” ಅಂದರು ಅಮ್ಮ. “ಇಷ್ಟು ವರ್ಷ ಓಡಿದ್ದಕ್ಕೆ ಈಗ ನಿಧಾನ!”

ಅಮ್ಮ ಮಂಡಿ ಹಿಡಿದುಕೊಂಡು ಕೂತೇಬಿಟ್ಟರು. ಅಕ್ಕ-ತಂಗಿ ಹೊಂಡದ ಹತ್ತಿರ ನೆರಳು ಚೆನ್ನಾಗಿತ್ತು. ಮೇಲೆ ತುಪ್ಪದಕೊಳದ ಬತೇರಿಗೆ ಬಂಡೆಯಲ್ಲಿ ಕೊರೆದ ಮೆಟ್ಟುಗುಳಿ ಹಿಡಿದು ಹತ್ತಬೇಕು, ಅಲ್ಲಿಂದ ಊರೆಲ್ಲ ಕಾಣುತ್ತದೆ. “ನೀವು ಹೋಗಿ ಬನ್ನಿ, ನಾನಿಲ್ಲಿ ಕೂತಿರ್ತೀನಿ,” ಅಂದರು. ಅಪ್ಪ ಒಂದು ಸಲ ಬಂಡೆ ನೋಡಿದರು, ಒಂದು ಸಲ ಅಮ್ಮನನ್ನು ನೋಡಿದರು. “ನೀನು ಹೋಗೋ. ನಾನೂ ಇಲ್ಲೇ ಇರ್ತೀನಿ,” ಅಂದರು.

ನಾನು ಹತ್ತಿ, ಗಾಳಿ ಕುಡಿದು, ಮರಳಿ ಬಂದಾಗ ಇಬ್ಬರೂ ಕೊಬ್ಬರಿ ಚಟ್ನಿಪುಡಿ ಹಾಕಿಕೊಂಡು ಚಪಾತಿ ತಿನ್ನುತ್ತಿದ್ದರು. ಒಂದು ಕೋತಿ ಎದುರಿಗೆ ಕೂತು ಲೆಕ್ಕ ಹಾಕುತ್ತಿತ್ತು. ಅವರಿಬ್ಬರೂ ಹೀಗೆ ಹಗಲು ಹೊತ್ತಿನಲ್ಲಿ ಒಟ್ಟಿಗೆ ಕೂತು ಉಣ್ಣುವುದನ್ನು ನಾನು ನೋಡಿದ್ದೇ ಕಡಿಮೆ.

ಎರಡು ಕಿಂಡಿ

ಕೊನೆಗೆ ಎಲ್ಲರೂ ನೋಡಲೇಬೇಕಾದ ಜಾಗ, ಓಬವ್ವನ ಕಿಂಡಿ. ಕಾವಲುಗಾರ ಗಂಡ ಊಟಕ್ಕೆ ಕೂತಾಗ ತಣ್ಣೀರುದೋಣಿಗೆ ನೀರಿಗೆ ಬಂದ ಓಬವ್ವ, ಒಬ್ಬೊಬ್ಬನಾಗಿ ನುಸುಳಿದ ಹೈದರಾಲಿಯ ಸೈನಿಕರನ್ನು ಒನಕೆಯಲ್ಲಿ ಬಡಿದ ಕಥೆ ಗೊತ್ತಿಲ್ಲದವರು ಯಾರು? ಆ ಪಾತ್ರದಲ್ಲಿ ಜಯಂತಿಯವರು ಬಂದು ಹೋಗುವುದು ಒಂದೇ ಹಾಡಿನಲ್ಲಿ. ಆದರೆ ಐವತ್ತು ವರ್ಷ ದಾಟಿದರೂ ಓಬವ್ವ ಅಂದರೆ ಅವರದೇ ಮುಖ ನೆನಪಾಗುತ್ತದೆ. 2021ರಲ್ಲಿ ಅವರು ತೀರಿಕೊಂಡ ದಿನ ನಮ್ಮಪ್ಪ ಊಟ ಬಿಟ್ಟಿದ್ದರು.

ಪರದೆ ಮೇಲೆ ದೊಡ್ಡದಾಗಿ ಕಂಡ ಕಿಂಡಿ ಎದುರಿಗೆ ನೋಡಿದರೆ ಇಷ್ಟೇ! ಒಬ್ಬ ಮನುಷ್ಯ ಮೈ ಬಗ್ಗಿಸಿ ತೂರಬೇಕು. ಅಪ್ಪ ಬಗ್ಗಿ ಅದರೊಳಗೆ ನೋಡುತ್ತ ನಿಂತರು. ಬಹಳ ಹೊತ್ತು ನಿಂತರು.

“ನಾನು ಪಿಕ್ಚರ್ ನೋಡಿದ್ದು ಎಲ್ಲಿ ಮಗಾ?” ಅಂದರು. “ಕ್ಯಾಬಿನ್ ಕಿಂಡೀಲಿ ಪರದೆಯ ಬಲಗಡೆ ಮೇಲ್ಮೂಲೆ ನೋಡಿದೀನಿ ಅಷ್ಟೇ. ರೀಲು ಮುಗಿಯೋ ಮುಂಚೆ ಅಲ್ಲೊಂದು ಚುಕ್ಕೆ ಬರ್ತದೆ. ಮೊದಲ್ನೇ ಚುಕ್ಕೆಗೆ ಇನ್ನೊಂದು ಮೆಷಿನ್ ಮೋಟಾರ್ ಹಾಕ್ಬೇಕು, ಎರಡ್ನೇದಕ್ಕೆ ಬದಲಾಯಿಸ್ಬೇಕು. ತಪ್ಪಿದ್ರೆ ಪರದೆ ಬೆಳ್ಳಗೆ, ಗಾಂಧಿ ಕ್ಲಾಸಿಂದ ನಮ್ಮಮ್ಮಂಗೆ ಬೈಗುಳ! ಜಯಂತಮ್ಮ ಒನಕೆ ಎತ್ತಿದಾಗ್ಲೂ ನಾನು ಚುಕ್ಕೆ ಕಾಯ್ತಿದ್ದೆ.”

ಸೀಟಿ ಹೊಡೆದು, ಪೇಪರ್ ಹರಿದು ತೂರಿದವರು ನಾವು. ನಮ್ಮ ತಲೆಯ ಮೇಲೆ, ಕಾರ್ಬನ್ ಕಡ್ಡಿಯ ಹೊಗೆ ಕುಡಿಯುತ್ತ ಒಬ್ಬ ಚುಕ್ಕೆ ಕಾಯುತ್ತಿದ್ದ ಅನ್ನುವುದು ನಮಗೆಲ್ಲಿ ನೆನಪಿತ್ತು?

ಆಮೇಲೆ ಅವರು ಹೇಳಿದ್ದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ. ನಾನು ಸೆಕೆಂಡ್ ಪಿಯುಸಿ ಅರ್ಧಕ್ಕೆ ಬಿಟ್ಟವನು. ಸಿನಿಮಾ ಹುಚ್ಚಿನಲ್ಲಿ ಗಾಂಧಿನಗರದ ಗಲ್ಲಿ ಸುತ್ತಿ, ಕೊನೆಗೆ ಹೀಗೆ ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆಯುತ್ತಿರುವವನು. ಆಗ ಎರಡು ವರ್ಷ ಅಪ್ಪ ನನ್ನ ಜೊತೆ ಮಾತಾಡಿರಲಿಲ್ಲ. ಏನಿದ್ದರೂ ಅಮ್ಮನ ಮೂಲಕ. ಸಿಟ್ಟು ಅಂತಲೇ ನಾನು ತಿಳಿದಿದ್ದೆ.

“ನಿನ್ನ ಓದು ಹಾಳಾಗಿದ್ದು ನನ್ನಿಂದ್ಲೇ ಕಣೋ,” ಅಂದರು ಕಿಂಡಿ ನೋಡುತ್ತಲೇ. “ಆರು ವರ್ಷದ ಹುಡುಗನ್ನ ಸ್ಟೂಲ್ ಮೇಲೆ ನಿಲ್ಸಿ ಕಿಂಡೀಲಿ ಪಿಕ್ಚರ್ ತೋರಿಸ್ದೆ. ಹುಚ್ಚು ಹತ್ಸಿದ್ದು ನಾನೇ. ಯಾವ ಮುಖ ಇಟ್ಕೊಂಡು ನಿನ್ನ ಬೈಯ್ಲಿ? ಅದಕ್ಕೇ ಮಾತಾಡ್ಲಿಲ್ಲ.”

ನನಗೆ ಬಾಯಿ ಕಟ್ಟಿತು. ಕೊನೆಗೆ ಇದ್ದದ್ದನ್ನೇ ಹೇಳಿದೆ. “ಅಪ್ಪಾ, ನಾನು ಸ್ಟೂಲ್ ಹತ್ತಿದ್ದು ಪಿಕ್ಚರ್ ನೋಡೋಕಲ್ಲ. ನೀನು ಮನೇಲಿ ಸಿಗ್ತಿರ್ಲಿಲ್ಲ. ನಿನ್ನ ಜೊತೆ ಇರೋಕೆ ಅಲ್ಲಿಗೆ ಬರ್ತಿದ್ದೆ.”

ಅಪ್ಪ ಏನೂ ಅನ್ನಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. “ಬಿಸ್ಲು ಜಾಸ್ತಿ,” ಅಂದರು. ಸಂಜೆ ಐದರ ಬಿಸಿಲು, ಅದೂ ಡಿಸೆಂಬರಿನಲ್ಲಿ!

ಮಾರಿಕಣಿವೆಯ ಒಂದು ತಾಸು

ಮರುದಿನ ಹಿರಿಯೂರಿಗೆ ಬಂದು ಹೊಸದುರ್ಗದ ದಾರಿಯ ಬಸ್ಸು ಹತ್ತಿ ವಾಣಿವಿಲಾಸ ಸಾಗರಕ್ಕೆ ಹೋದೆವು. ಊರವರ ಬಾಯಲ್ಲಿ ಮಾರಿಕಣಿವೆ. ಕಣಿವೆ ಮಾರಮ್ಮನಿಗೆ ಅಮ್ಮನ ಹಣ್ಣುಕಾಯಿ ಆಯಿತು. ವೇದಾವತಿ ನದಿಗೆ ಎರಡು ಗುಡ್ಡಗಳ ನಡುವೆ ಕಲ್ಲಿನ ಕಟ್ಟೆ ಕಟ್ಟಿದ್ದಾರೆ. 1898ರಲ್ಲಿ ಶುರುವಾದ ಕೆಲಸ 1907ರಲ್ಲಿ ಮುಗಿಯಿತು. 1933ರಲ್ಲಿ ಒಂದು ಸಲ ತುಂಬಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷದ ಮೇಲೆ!

ಇದನ್ನು ಹೇಳಿದಾಗ ಅಪ್ಪ ನೀರು ನೋಡುತ್ತ ಅಂದರು: “ಹಂಗಾದ್ರೆ ನಂದು ಪರ್ವಾಗಿಲ್ಲ ಬಿಡು. ನಲವತ್ತಾರೇ ವರ್ಷ.”

ಮೂವರೂ ಮರದ ನೆರಳಿನಲ್ಲಿ ಕೂತೆವು. ಮಾತಿಗೆ ಮಾತು ಬೆಳೆಯಿತು. ಅಮ್ಮ ಮದುವೆಯಾದ ಹೊಸತರಲ್ಲಿ ಕ್ಯಾಬಿನ್ ನೋಡಲು ಬಂದು ಹೆದರಿದ್ದು, ನಡುವೆ ರೀಲು ಕಿತ್ತು ಹೋದಾಗ ಅಪ್ಪ ಸಲ್ಯೂಷನ್ ಹಚ್ಚಿ ಅಂಟಿಸಿದ್ದು, ಆಮೇಲೆ ಡಿಜಿಟಲ್ ಬಂದು ಬರೀ ಗುಂಡಿ ಒತ್ತುವ ಕೆಲಸವಾದದ್ದು. 2018ರಲ್ಲಿ ‘ನಾಗರಹಾವು’ ಹೊಸ ಬಣ್ಣ, ಹೊಸ ಸದ್ದಿನಲ್ಲಿ ಮತ್ತೆ ತೆರೆಗೆ ಬಂದಾಗ “ಚುಕ್ಕೆಯೇ ಇಲ್ಲದ ರಾಮಾಚಾರಿ” ಅಂತ ಬೇಜಾರಾಗಿದ್ದು ಕೂಡ ಆಗಲೇ ಹೊರಬಂತು.

ನಾನು ಕದ್ದು ಗಡಿಯಾರ ನೋಡಿದೆ. ಒಂದು ಗಂಟೆ ಐದು ನಿಮಿಷ! ಅಪ್ಪ ಒಂದು ಸಲವೂ ಎದ್ದಿರಲಿಲ್ಲ. ನಾನು ಹೇಳಲಿಲ್ಲ. ಹೇಳಿದರೆ ಎಲ್ಲಿ ನೆನಪಾಗಿ ಎದ್ದುಬಿಡುತ್ತಾರೋ ಅಂತ ಭಯ.

ಹೋಗುವವರಿಗೆ ನಾಲ್ಕು ಮಾತು

ಕೋಟೆಗೆ ಬೆಳಿಗ್ಗೆ ಬೇಗ ಅಥವಾ ಮಧ್ಯಾಹ್ನ ಇಳಿದ ಮೇಲೆ ಹೋಗಿ, ಬಂಡೆ ಕಾಯುತ್ತದೆ. ನೀರು ಒಯ್ಯಿರಿ. ತಿಂಡಿ ಪೊಟ್ಟಣ ಕೋತಿಗಳ ಕಣ್ಣಿಗೆ ಬೀಳದಿರಲಿ. ಹಿರಿಯರಿದ್ದರೆ ಎಲ್ಲವನ್ನೂ ಒಂದೇ ದಿನ ನೋಡುವ ಹಟ ಬೇಡ. ಅವರು ಕೂತಲ್ಲಿ ನೀವೂ ಕೂರಿ. ಆಧಾರ್ ಕಾರ್ಡು ಮರೆಯಬೇಡಿ. ಮೂವರಿಗೆ ಎರಡು ದಿನ ಬಸ್ಸು, ಲಾಡ್ಜು, ಊಟ ಎಲ್ಲ ಸೇರಿ ನನಗೆ ಮೂರು ಸಾವಿರ ಮುಟ್ಟಲಿಲ್ಲ. ನಮ್ಮ ಮೆಚ್ಚಿನ ಹೀರೋಗಳ ಕಟೌಟಿಗೆ ಹಾರ ಹಾಕಲು ಚಂದಾ ಎತ್ತುವ ನಾವು, ಒಂದು ಸಲ ಇಷ್ಟು ಕೂಡಿಸಲಾರೆವೇ?

ಮರಳುವ ಬಸ್ಸಿನಲ್ಲಿ ಅಪ್ಪ ಕಿಟಕಿ ಪಕ್ಕ ಕೂತರು. ಹುಳಿಯಾರು ದಾಟಿದ ಮೇಲೆ ನನ್ನ ಕಡೆ ತಿರುಗಿದರು. “ಮುಂದಿನ ಸಲ ಎಲ್ಲಿಗೋ?”

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನಿಂದ ಅಮ್ಮ ಅಂದರು: “ಎಲ್ಲಿಗಾದ್ರೂ ಸರಿ. ನಂಗಂತೂ ಟಿಕೆಟ್ಟೇ ಇಲ್ಲ!”

ಸರಿ ಮಿತ್ರರೇ, ನಿಮ್ಮ ಬಸ್ಸು ಬಂತೇನೋ ನೋಡಿ. ಊರು ಮುಟ್ಟಿದ ಮೇಲೆ ಅಪ್ಪನನ್ನು ಒಂದು ಮಾತು ಕೇಳಿ, ಎಲ್ಲಿಗೆ ಹೋಗೋಣ ಅಂತ.