ಹದಿನಾಲ್ಕನೇ ವಯಸ್ಸಿನ ಪ್ರಶ್ನೆ

ನನಗೆ ಮುಂದೆ ಸಾಲಿಸಿಟರ್ ಆಗಬೇಕೆಂಬ ಆಸೆ. ಅದಕ್ಕೆ ಏನು ಓದಬೇಕು, ಎಷ್ಟು ವರ್ಷ ಬೇಕು ಎಂದು ಹುಡುಕುವಾಗ ಒಂದು ಪ್ರಶ್ನಾವಳಿ ಕಣ್ಣಿಗೆ ಬಿತ್ತು.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಾಲಿಸಿಟರ್‌ಗಳ ಮೇಲ್ವಿಚಾರಣೆ ನಡೆಸುವ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿ ಎರಡು ವರ್ಷಕ್ಕೊಮ್ಮೆ ಕಾನೂನು ಸಂಸ್ಥೆಗಳಿಂದ ಈ ಮಾಹಿತಿ ತರಿಸಿಕೊಳ್ಳುತ್ತದೆ. ವಕೀಲರಷ್ಟೇ ಅಲ್ಲ, ಆಫೀಸಿನ ಉಳಿದ ಸಿಬ್ಬಂದಿಯನ್ನೂ ಕೇಳುತ್ತಾರೆ. ವಯಸ್ಸು, ಲಿಂಗ, ಜನಾಂಗ, ಧರ್ಮ, ಅಂಗವೈಕಲ್ಯ, ಲೈಂಗಿಕ ಒಲವು, ಓದಿದ ಶಾಲೆ ಯಾವ ಬಗೆಯದು, ಮನೆಯಲ್ಲಿ ಮಕ್ಕಳನ್ನೋ ಕಾಯಿಲೆಯವರನ್ನೋ ನೋಡಿಕೊಳ್ಳುವ ಜವಾಬ್ದಾರಿ ಇದೆಯೇ ಎಂಬ ಪ್ರಶ್ನೆಗಳಿವೆ. ಜೊತೆಗೆ ಇನ್ನೊಂದು: ನಿಮಗೆ ಸುಮಾರು 14 ವರ್ಷವಾಗಿದ್ದಾಗ ಮನೆಯಲ್ಲಿ ಹೆಚ್ಚು ದುಡಿಯುತ್ತಿದ್ದವರ ಕೆಲಸ ಏನಾಗಿತ್ತು?

ನನಗೀಗ 16. ನನ್ನ ಉತ್ತರ ಆಗಲೇ ನಿಗದಿಯಾಗಿಬಿಟ್ಟಿದೆ: ಅಮ್ಮ, ಕೇರ್ ಹೋಮ್, ರಾತ್ರಿ ಪಾಳಿ.

ಅಮ್ಮನಿಗೆ ಹೇಳಿದೆ. "ಮನೆ ವಿಷಯ ಅವರಿಗ್ಯಾಕೆ? ನಿನ್ನ ಕೆಲಸ ನೋಡಿ ಬೆಲೆ ಕಟ್ಟಲಿ" ಎಂದಳು. ಅವಳ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಐದು ಜನರ ಆಫೀಸಿನಲ್ಲಿ ಒಬ್ಬಳೇ ಭಾರತೀಯಳಿದ್ದರೆ, ಹೆಸರಿಲ್ಲದ ಲೆಕ್ಕವೂ ಅವಳತ್ತಲೇ ಬೆರಳು ತೋರಿಸುತ್ತದೆ. ಅದಕ್ಕೇ, ಯಾರದೆಂದು ಗುರುತು ಹತ್ತುವಂಥ ಅಂಕಿಗಳನ್ನು ಸಂಸ್ಥೆಗಳು ಪ್ರಕಟಿಸಬಾರದು. ಮಾಹಿತಿ ಕೇಳುವುದು ಸಂಸ್ಥೆಗೆ ಕಡ್ಡಾಯ, ಹೇಳುವುದು ನಮಗೆ ಕಡ್ಡಾಯವಲ್ಲ. 'ಹೇಳಲು ಇಷ್ಟವಿಲ್ಲ' ಎಂದೂ ಗುರುತು ಹಾಕಬಹುದು.

ಆದರೆ ಎಲ್ಲರೂ ಹಾಗೇ ಹಾಕಿದರೆ? ಈ ದೇಶದಲ್ಲಿ ಹೆಣ್ಣುಮಗಳೊಬ್ಬಳು ಮೊದಲ ಬಾರಿಗೆ ಸಾಲಿಸಿಟರ್ ಆದದ್ದು 1922ರಲ್ಲಿ, ಆಕೆ ಕ್ಯಾರಿ ಮಾರಿಸನ್. 2023ರ ಲೆಕ್ಕದಲ್ಲಿ ಕಾನೂನು ಸಂಸ್ಥೆಗಳ ವಕೀಲರಲ್ಲಿ ಶೇಕಡ 53 ಮಹಿಳೆಯರು. ಅಷ್ಟನ್ನೇ ನೋಡಿದರೆ ಎಲ್ಲ ಸರಿಹೋಯಿತು ಅನ್ನಿಸುತ್ತದೆ. ಆದರೆ ಸಂಸ್ಥೆಯ ಲಾಭದಲ್ಲಿ ಪೂರ್ತಿ ಪಾಲಿರುವ ಪಾರ್ಟ್‌ನರ್‌ಗಳಲ್ಲಿ ಮಹಿಳೆಯರು ಶೇಕಡ 32 ಮಾತ್ರ. ಬಾಗಿಲು ತೆರೆದಿದೆ, ಮೇಲಿನ ಮಹಡಿಗೆ ಹತ್ತುವವರು ಕಡಿಮೆ. ಯಾವ ಹುದ್ದೆಯಲ್ಲಿ ಯಾರಿದ್ದಾರೆ ಎಂದು ಎಣಿಸದಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಜನಾಂಗದ ಪ್ರಶ್ನೆಯೊಂದೇ ಸಾಲದು ಎಂದೂ ನನಗೆ ಅನ್ನಿಸುತ್ತದೆ. ನಮ್ಮ ಕನ್ನಡ ತರಗತಿಯವರೆಲ್ಲ 'ಭಾರತೀಯ' ಎಂಬ ಒಂದೇ ಚೌಕದಲ್ಲಿ ಗುರುತು ಹಾಕುವವರು. ಡಾಕ್ಟರ ಮಗಳೂ ಅಲ್ಲೇ, ನಾನೂ ಅಲ್ಲೇ. ಆದರೆ ವರ್ಕ್ ಎಕ್ಸ್‌ಪೀರಿಯನ್ಸ್‌ಗೆ ಯಾರನ್ನು ಕೇಳಬೇಕೆಂದು ಅವಳ ಮನೆಯಲ್ಲಿ ಗೊತ್ತಿರುತ್ತದೆ. ನಮ್ಮ ಮನೆಗೆ ಪರಿಚಯದ ವಕೀಲರೇ ಇಲ್ಲ. ಈ ವ್ಯತ್ಯಾಸವನ್ನು ಕಾಣಿಸುವುದು ಆ 14ರ ಪ್ರಶ್ನೆಯೇ.

ಎಣಿಸಿದ ಮಾತ್ರಕ್ಕೆ ಯಾರಿಗೂ ಕೆಲಸ ಸಿಗುವುದಿಲ್ಲ, ನಿಜ. ಆದರೆ ಕೇರ್ ಹೋಮ್ ಕೆಲಸದವರ ಮಕ್ಕಳು ಎಷ್ಟು ಮಂದಿ ವಕೀಲರಾದರು, ಎಷ್ಟು ಮಂದಿ ಪಾರ್ಟ್‌ನರ್ ಆದರು ಎಂದು ಕೇಳಲು ಮೊದಲು ಲೆಕ್ಕ ಬೇಕು. ನನ್ನ ಸರದಿ ಬಂದಾಗ ನಾನು ಉತ್ತರ ಬರೆಯುತ್ತೇನೆ. ಅಮ್ಮನ ಕೆಲಸ ಮುಚ್ಚಿಡುವಂಥದ್ದಲ್ಲ.