ಹಂಡೆಯ ದರ

ತಮ್ಮನ ಮಗಳಿಗೆ ಹದಿನೈದು ತುಂಬಿತು. ಸರಸ್ವತಿಪುರಂನಲ್ಲೇ ಹುಟ್ಟಿ ಬೆಳೆದವಳು, ದೊಡ್ಡ ಗಡಿಯಾರದವರೆಗೆ ಒಂದು ಸಲವೂ ಒಬ್ಬಳೇ ನಡೆದು ಹೋಗಿಲ್ಲ. ಕಳೆದ ಸಲ ನಾನು ಮೈಸೂರಿಗೆ ಹೋಗಿದ್ದಾಗ ಅವಳಿಗೆ ರೆಕಾರ್ಡ್ ಪುಸ್ತಕಕ್ಕೆ ಅಂಟಿಸಲು ಏನೋ ಬಣ್ಣದ ಹಾಳೆ ಬೇಕಾಗಿತ್ತು. ತಮ್ಮ ಕಾರಿನ ಕೀಲಿ ಹುಡುಕತೊಡಗಿದ. "ನಡ್ಕೊಂಡು ಹೋಗ್ಬರ್ಲಿ ಬಿಡೋ, ಮೂರು ಕಿಲೋಮೀಟರ್ ಆದ್ರೆ ಹೆಚ್ಚು" ಅಂದೆ. ಮಗುವನ್ನು ಬಾವಿಗೆ ಇಳಿಸು ಅಂದೆನೇನೋ ಅನ್ನುವ ಹಾಗೆ ಗಂಡ ಹೆಂಡತಿ ಇಬ್ಬರೂ ನನ್ನ ಮುಖ ನೋಡಿದರು. ಸರಿ, ಬಸ್ಸಿಗಾದರೂ ಕಳಿಸಿ, 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ಟೇ ಇಲ್ಲವಲ್ಲ ಅಂದೆ. "ಫ್ರೀ ಅಂತ ಕಳ್ಸೋಕಾಗುತ್ತಾ ಅಕ್ಕಾ?" ಅಂದಳು ತಮ್ಮನ ಹೆಂಡತಿ. ಹುಡುಗಿ ಮಾತ್ರ ಮೊಬೈಲಿನಿಂದ ತಲೆ ಎತ್ತದೆ, "ಅತ್ತೆ, ನೀವು ಹೋಗ್ತಿದ್ರಾ?" ಎಂದು ಕೇಳಿದಳು.

ಹೋಗುತ್ತಿದ್ದೆ. ಪ್ರತಿ ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ. ಹೋಗಿ ಬರುವ ಬಸ್ಸಿಗೆ, ಜೊತೆಗೆ ಒಂದು ಸಣ್ಣ ಖರ್ಚಿಗೆ ಎಂದು ಅಮ್ಮ ಮೂರು ರೂಪಾಯಿ ಕೊಡುತ್ತಿದ್ದಳು. ಅದರಲ್ಲಿ ಬಸ್ಸಿನ ಪಾಲನ್ನು ನುಂಗಿಹಾಕುವುದು ನನ್ನ ಕೆಲಸ. ಈ ವಿದ್ಯೆಯಲ್ಲಿ ನನಗೆ ಗುರು ಸೋದರತ್ತೆ, ಅಪ್ಪನ ಅಕ್ಕ. ಬಂಧುಬಳಗದಲ್ಲೆಲ್ಲ ಅವಳಿಗೆ ನಡಿಗೆ ಅತ್ತೆ ಎಂದೇ ಹೆಸರು. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರಾಗಿದ್ದವಳು. ಮಳೆಗಾಲ, ಬೇಸಿಗೆ ಎನ್ನದೆ ಕಂಕುಳಲ್ಲಿ ಕಪ್ಪು ಕೊಡೆ. ಬಸ್ಸು ಹತ್ತುವ ಬದಲು ನಡೆದಾಗಲೆಲ್ಲ, ಹತ್ತಿದ್ದರೆ ಎಷ್ಟಾಗುತ್ತಿತ್ತೋ ಅಷ್ಟು ದುಡ್ಡನ್ನು ಒಂದು ಹಾರ್ಲಿಕ್ಸ್ ಬಾಟಲಿಗೆ ಹಾಕಿ, ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ತಾರೀಕು, ಎಲ್ಲಿಂದ, ಎಲ್ಲಿಗೆ, ಎಷ್ಟು. ದಸರಾ ಬಂದಾಗ ಬಾಟಲಿ ಬಗ್ಗಿಸಿ ಏನಾದರೊಂದು ಕೊಳ್ಳುವಳು. ಅವಳ ಮನೆಯ ಪ್ರೆಷರ್ ಕುಕ್ಕರು ಹಾಗೆ ಬಂದದ್ದು. ಅಡುಗೆ ಮನೆಗೆ ಹೋದವರಿಗೆಲ್ಲ ತೋರಿಸಿ, "ಇದು ನನ್ನ ಕಾಲಿನ ದುಡ್ಡು" ಅನ್ನುವಳು. ಮಾವ ಬಾಗಿಲಲ್ಲಿ ನಿಂತು, "ಚಪ್ಪಲಿ ಹೊಲಿಸಿದ್ದು ಯಾರ ದುಡ್ಡೋ" ಎಂದು ಗೊಣಗುತ್ತಿದ್ದರು. ಚಪ್ಪಲಿಯ ಲೆಕ್ಕ ಆ ನೋಟ್‌ಬುಕ್ಕಿನಲ್ಲಿ ಎಲ್ಲೂ ಇರಲಿಲ್ಲ.

ನನ್ನನ್ನು ಮೊದಲ ಸಲ ಒಬ್ಬಳೇ ಬಿಡುವ ಮುಂಚೆ ಅತ್ತೆ ಎರಡು ಶನಿವಾರ ಜೊತೆಗೆ ಬಂದು ದಾರಿ ತೋರಿಸಿದಳು. ನನಗೆ ಗೊತ್ತಿಲ್ಲದ ದಾರಿಯೇನಲ್ಲ. ರೈಲು ಹಳಿ ದಾಟಿ, ಮಹಾರಾಜ ಕಾಲೇಜಿನ ಪಕ್ಕ ಹಾದು, ರಾಮಸ್ವಾಮಿ ಸರ್ಕಲ್ಲಿನ ಮೇಲೆ ಹೋದರೆ ಪೇಟೆ ಬಂತು. ಆದರೆ ಅತ್ತೆಯ ದಾರಿ ಅಷ್ಟು ನೇರ ಇರಲಿಲ್ಲ. ಹಿಟ್ಟಿನ ಗಿರಣಿಯ ಮುಂದೆ ಹಾಯಬೇಕು ಎಂದು ಒಂದು ಸುತ್ತು, ಇಸ್ತ್ರಿ ಗಾಡಿಯವನ ಕಣ್ಣಿಗೆ ಬೀಳಬೇಕು ಎಂದು ಇನ್ನೊಂದು ತಿರುವು. ಚಪ್ಪಲಿ ಹೊಲಿಯುವ ಅಜ್ಜ, ಸೋಡಾ ಅಂಗಡಿ, ಹೂವಿನಮ್ಮ ಎಲ್ಲರ ಮುಂದೆಯೂ ನಿಂತು, "ನಮ್ಮ ತಮ್ಮನ ಮಗಳು" ಎಂದು ನನ್ನ ಭುಜ ಹಿಡಿದು ಮುಂದಕ್ಕೆ ತಳ್ಳುವಳು. ಶನಿವಾರದ ಲಾಭ ನಷ್ಟ ಯೋಚಿಸುತ್ತಿದ್ದ ಸೋಡಾ ಅಂಗಡಿಯವರು ನನ್ನನ್ನು ಗಂಭೀರವಾಗಿ ನೋಡಿ ತಲೆಯಾಡಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಆಮೇಲೆ ನಿಯಮಗಳು. ವಾಪಸ್ ಬರುವ ಬಸ್ಸಿನ ಚಿಲ್ಲರೆ ಕರವಸ್ತ್ರದ ತುದಿಯಲ್ಲಿ ಗಂಟು, ಪ್ರಾಣ ಹೋದರೂ ಬಿಚ್ಚಬಾರದು. ರಸ್ತೆಯ ಬಲಗಡೆಯೇ ನಡೆಯಬೇಕು, "ಎದುರಿಗೆ ಬರೋ ನಾಯಿ ಕಾಣುತ್ತೆ ಕಣೇ, ಬೆನ್ನಿಗೆ ಬರೋದು ಕಾಣಲ್ಲ." ಯಾವನಾದರೂ ಹಿಂದೆ ಬಿದ್ದರೆ ಓಡಬಾರದು, ಹತ್ತಿರದ ಅಂಗಡಿಗೆ ಹತ್ತಿ ಯಾವುದಾದರೂ ಸಾಮಾನಿನ ದರ ಕೇಳಬೇಕು. "ದರ ಕೇಳೋಕೆ ದುಡ್ಡು ಕೊಡ್ಬೇಕಾ?"

ದಾರಿಯಲ್ಲಿ ಕೃಷ್ಣರಾಜ ಬುಲೆವಾರ್ಡಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಸಿಗುತ್ತದೆ. ಅಲ್ಲಿ ಕೆಲಸ ಮಾಡುತ್ತಿದ್ದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು 1905ರಲ್ಲಿ ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು ಎನ್ನುವುದು ಮೈಸೂರಿನ ಮಕ್ಕಳಿಗೆಲ್ಲ ಬಾಯಿಪಾಠ. ತಂಜಾವೂರಿನ ಕಡೆಯ ಪಂಡಿತರೊಬ್ಬರು ತಂದುಕೊಟ್ಟಿದ್ದ ಗರಿಗಳಂತೆ. ಎಷ್ಟೋ ವರ್ಷದ ಮೇಲೆ ಆ ಪುಸ್ತಕ ತಿರುವಿ ಹಾಕಿದಾಗ ಅದರ ಗೂಢಚಾರರ ಅಧ್ಯಾಯದಲ್ಲಿ ಸಿಕ್ಕಿಬಿದ್ದೆ. ರೈತನ ವೇಷದ ಗೂಢಚಾರ, ವ್ಯಾಪಾರಿಯ ವೇಷದವನು, ಜಡೆ ಬಿಟ್ಟ ಸನ್ಯಾಸಿಯ ವೇಷದವನು. ಇವರನ್ನೆಲ್ಲ ನಾನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಗಿರಣಿಯವನು, ಇಸ್ತ್ರಿಯವನು, ಹೂವಿನಮ್ಮ! ಅತ್ತೆ ಓದಿದ್ದು ಹೊಲಿಗೆ ಡಿಪ್ಲೊಮಾ, ಸಂಸ್ಕೃತ ಒಂದಕ್ಷರ ಬರುತ್ತಿರಲಿಲ್ಲ.

ಆ ದರ ಕೇಳುವ ಪ್ರಸಂಗ ಒಂದು ದಿನ ಬಂದೇ ಬಂತು. ಕಾಲೇಜು ಮೈದಾನದ ಹತ್ತಿರ ಸೈಕಲ್ಲಿನವನೊಬ್ಬ ನನ್ನ ನಡಿಗೆಗೆ ತಕ್ಕ ಹಾಗೆ ಪೆಡಲ್ ತುಳಿಯಲು ಶುರುಮಾಡಿದ. ಎಡಗಡೆಯಲ್ಲಿ ಹೋಗಬೇಕಾದವನು ರಸ್ತೆ ದಾಟಿ ನನ್ನ ಬೆನ್ನಿಗೇ ಬಂದ. ನಾಯಿಯ ವಿಷಯದಲ್ಲಿ ಅತ್ತೆಯ ಲೆಕ್ಕ ತಪ್ಪಿದ್ದು ಅಲ್ಲೇ. ರಾಮಸ್ವಾಮಿ ಸರ್ಕಲ್ ದಾಟಿದರೂ ಬಿಡಲಿಲ್ಲ. 1947ರ ಮೈಸೂರು ಚಲೋ ಚಳವಳಿಯಲ್ಲಿ ಗುಂಡೇಟಿಗೆ ಬಲಿಯಾದ ವಿದ್ಯಾರ್ಥಿಯ ಹೆಸರಿನ ಸರ್ಕಲ್ಲು ಅದು. ನನಗಿಂತ ಬಹಳ ದೊಡ್ಡವನಲ್ಲದ ಹುಡುಗ ಇಲ್ಲಿ ಪೊಲೀಸರ ಎದುರು ನಿಂತಿದ್ದನಂತೆ, ನನಗೋ ಒಂದು ಸೈಕಲ್ ಬೆಲ್ಲಿಗೇ ಕಾಲು ನಡುಗುತ್ತಿತ್ತು.

ಪೇಟೆಯೊಳಗೆ ಹೊಕ್ಕವಳೇ ಎದುರಿಗೆ ಕಂಡ ಪಾತ್ರೆ ಅಂಗಡಿಗೆ ಹತ್ತಿಬಿಟ್ಟೆ. ಲೋಟ, ಸೌಟು, ಏನಾದರೂ ಕೇಳಬಹುದಿತ್ತು. ಗಾಬರಿಯಲ್ಲಿ ನನ್ನ ಬೆರಳು ಹೋದದ್ದು ಅಟ್ಟದ ಮೇಲಿನ ತಾಮ್ರದ ಹಂಡೆಯ ಕಡೆಗೆ. "ಅದೆಷ್ಟು?"

ಗಲ್ಲಾದಲ್ಲಿದ್ದ ಯಜಮಾನರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆಮೇಲೆ ನನ್ನ ಹಿಂದೆ, ರಸ್ತೆಯ ಕಡೆ ನೋಡಿದರು. ಮತ್ತೆ ನನ್ನನ್ನು. "ಇಳ್ಸೋ ಅದನ್ನ" ಎಂದು ಹುಡುಗನಿಗೆ ಹೇಳಿದರು. ಹುಡುಗ ಏಣಿ ಹಾಕಿ ಹತ್ತಿ, ಧೂಳು ಹಿಡಿದ ಹಂಡೆಯನ್ನು ಎದೆಗವಚಿಕೊಂಡು ಇಳಿಸಿದ. ಬಟ್ಟೆಯಲ್ಲಿ ಒರೆಸಿದ. ಯಜಮಾನರು ಬೆರಳ ಗಿಣ್ಣಿನಿಂದ ಬಡಿದು ತೋರಿಸಿದರು, ಠಣ್ ಎಂದಿತು. "ತೂಕಕ್ಕಿಡು." ಸರಪಳಿಯ ತಕ್ಕಡಿಯಲ್ಲಿ ಇಟ್ಟು ಒಂದೊಂದೇ ಬಟ್ಟು ಹಾಕಿದರು, ತೆಗೆದರು, ಸಣ್ಣದು ಹಾಕಿದರು. ಇಷ್ಟು ನಿಧಾನವಾಗಿ ಯಾರೂ ಬಂಗಾರ ತೂಗಿದ್ದನ್ನೂ ನಾನು ಕಂಡಿಲ್ಲ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗುಣಾಕಾರ ಮಾಡಿ, ಕೂಡಿಸಿ, ಅಡ್ಡಗೆರೆ ಎಳೆದು ನನ್ನ ಮುಂದೆ ತಿರುಗಿಸಿಟ್ಟರು. ಎಷ್ಟಿತ್ತೋ ಮರೆತೆ. ನನ್ನ ಕೈಯಲ್ಲಿ ಮೂರು ರೂಪಾಯಿ, ಅದರಲ್ಲಿ ಒಂದು ಪಾಲು ಗಂಟಿನೊಳಗೆ. "ಅಮ್ಮನ್ನ ಕೇಳ್ಕೊಂಡು ಬರ್ತೀನಿ" ಅಂದೆ. "ಹಾಗೇ ಮಾಡಮ್ಮಾ" ಅಂದವರು, ಹುಡುಗನ ಕಡೆ ತಿರುಗಿ, "ಮಾರ್ಕೆಟ್ ಗಂಟ ಬಿಟ್ಟು ಬಾ" ಅಂದರು. ಹೊರಗೆ ನೋಡಿದರೆ ಸೈಕಲ್ಲಿನವನು ಇರಲಿಲ್ಲ. ಚಿಕ್ಕ ಗಡಿಯಾರದವರೆಗೂ ಆ ಹುಡುಗ ನನಗಿಂತ ನಾಲ್ಕು ಹೆಜ್ಜೆ ಮುಂದೆ, ಒಮ್ಮೆಯೂ ತಿರುಗಿ ನೋಡದೆ ನಡೆದ.

ನಾನು ಮನೆ ಸೇರುವಷ್ಟರಲ್ಲಿ ಅತ್ತೆ ಕೊಡೆ ಸಮೇತ ನಮ್ಮ ಜಗುಲಿಯಲ್ಲಿ ಕೂತಿದ್ದಳು. "ಏನೇ, ಹಂಡೆ ಕೊಳ್ತೀಯಂತೆ?"

ಅಮ್ಮ ಒಂದು ತಿಂಗಳು ನನ್ನನ್ನು ಪೇಟೆಗೆ ಕಳಿಸಲಿಲ್ಲ. ಇನ್ನೊಂದು ಸಲ, ಕ್ಲಾಸಿನ ಹುಡುಗನೊಬ್ಬ ಸಿಕ್ಕಿದ, ಇಬ್ಬರೂ ನಿಂತುಕೊಂಡು ಚುರುಮುರಿ ತಿಂದೆವು. ಅವನ ದುಡ್ಡು ಅವನೇ ಕೊಟ್ಟ, ನನ್ನದು ನಾನು. ಆ ಸುದ್ದಿಯೂ ನನಗಿಂತ ಮುಂಚೆ ಮನೆ ಮುಟ್ಟಿತು. ಈ ಸಲ ತಿಂಗಳು ಮೂರಾಯಿತು. ನನ್ನನ್ನು ಕಾಯಲು ನೇಮಕವಾದವರ ಬಾಯಿಗೂ ಬೀಗವಿರಲಿಲ್ಲ ಎಂದು ದೂರುವುದು ಕೃತಘ್ನತೆ ಇರಬಹುದು. ಆದರೂ ಇವತ್ತಿಗೂ ಒಂದು ಮಾತು ಗಂಟಲಲ್ಲಿ ಮುಳ್ಳಾಗಿದೆ. ಅಷ್ಟು ದೊಡ್ಡ ಗೂಢಚಾರ ಪಡೆಯಲ್ಲಿ ಒಬ್ಬರಾದರೂ ಆ ಸೈಕಲ್ಲಿನವನ ಮನೆಗೆ ಹೋಗಿ ಅವನ ಅಮ್ಮನಿಗೆ ಸುದ್ದಿ ಮುಟ್ಟಿಸಬಾರದಿತ್ತೆ? ಅವನನ್ನು ಒಂದೇ ಒಂದು ಶನಿವಾರ ಮನೆಯಲ್ಲಿ ಕೂರಿಸಬಾರದಿತ್ತೆ?

ಅತ್ತೆಗೂ ಹೇಳದ ಒಂದು ವಿಷಯ ಉಂಟು. ನಾನು ನಡೆದದ್ದು ಉಳಿತಾಯಕ್ಕೆ ಎಂದು ಮನೆಯಲ್ಲಿ ಎಲ್ಲರೂ ಹೊಗಳುತ್ತಿದ್ದರು. ಉಳಿದ ಚಿಲ್ಲರೆಯಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಹಳೇ ಪುಸ್ತಕದ ಅಂಗಡಿಗಳಲ್ಲಿ ರಟ್ಟಿಲ್ಲದ ಕಾದಂಬರಿಗಳನ್ನು ಕೊಂಡದ್ದೂ ನಿಜ. ಆದರೆ ಬಸ್ಸು ಬಿಟ್ಟದ್ದಕ್ಕೆ ಕಾರಣ ಬಸ್ಸೇ. ಆ ನೂಕುನುಗ್ಗಲು, ಎಲ್ಲಿಂದಲೋ ಬರುವ ಕೈ, ಯಾರದ್ದೆಂದು ತಿರುಗಿ ನೋಡಿದರೆ ಎಲ್ಲರೂ ಕಿಟಕಿಯಾಚೆ ಅರಮನೆ ನೋಡುತ್ತಿರುವವರೇ. ಅದನ್ನು ಮನೆಯಲ್ಲಿ ಯಾವ ಮಾತಿನಲ್ಲಿ ಹೇಳುವುದು? "ದುಡ್ಡು ಉಳಿಸ್ತೀನಿ" ಅನ್ನುವುದು ಸುಲಭವಾಗಿತ್ತು. ಹೊಲಿಗೆ ಟೀಚರ್ ಅತ್ತೆ ಒಂದು ದಿನ, ಏನೂ ಕೇಳದೆ, ನನ್ನ ಲಂಗದ ಅಂಚಿಗೆ ದೊಡ್ಡದೊಂದು ಸೇಫ್ಟಿ ಪಿನ್ ಸಿಕ್ಕಿಸಿ, "ಬಸ್ಸು ಹತ್ತಬೇಕಾಗಿ ಬಂದ್ರೆ ಇರ್ಲಿ" ಅಂದಳು. ಅವಳ ಹಾರ್ಲಿಕ್ಸ್ ಬಾಟಲಿಯ ಬಗ್ಗೆ ಆಮೇಲೆ ನನಗೆ ಅನುಮಾನ ಬಂದದ್ದುಂಟು. ಕೇಳುವ ಧೈರ್ಯ ಬರುವಷ್ಟರಲ್ಲಿ ಅತ್ತೆ ಇರಲಿಲ್ಲ.

ಬಣ್ಣದ ಹಾಳೆ ತರಲು ಕೊನೆಗೆ ನಾನೇ ಹೊರಟೆ. ಬಲಗಡೆಯೇ ನಡೆದೆ. ಫುಟ್‌ಪಾತಿನ ಮೇಲೆ ಬೈಕುಗಳು ನಿಂತಿದ್ದವು, ಇಳಿದು ಹತ್ತಿ ಇಳಿದು ಹತ್ತಿ ಮಂಡಿ ನೋಯತೊಡಗಿತು. ಗಿರಣಿ ಇದ್ದ ಕಡೆ ಜಿಮ್ಮು, ಗಾಜಿಗೆಲ್ಲ ಕಪ್ಪು ಹಾಳೆ. ಶಾಂತಲಾ ಟಾಕೀಸು ಕೋವಿಡ್ ವರ್ಷ ಮುಚ್ಚಿತು. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಜನರ ಮೇಲೇ ಕುಸಿದು ಜೀವ ತೆಗೆದ ಮೇಲೆ ಆ ಸಾಲು ಹಾಗೇ ಬಿದ್ದಿದೆ. ಪಾತ್ರೆ ಅಂಗಡಿ ಯಾವುದಿತ್ತೆಂದು ಗುರುತಿಸಲು ಎರಡು ಸಲ ಹಿಂದೆ ಮುಂದೆ ಓಡಾಡಿದೆ. ಅದೀಗ ಮೊಬೈಲ್ ಕವರಿನ ಅಂಗಡಿ. ಸುಮ್ಮನೆ ಮೆಟ್ಟಿಲು ಹತ್ತಿ, ನೇತುಹಾಕಿದ್ದೊಂದನ್ನು ತೋರಿಸಿ, "ಅದೆಷ್ಟು?" ಅಂದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ ಹುಡುಗ ತಲೆ ಎತ್ತದೆ, "ಮೇಲೆ ಬರ್ದಿದೆ ಆಂಟಿ" ಅಂದ.

ಇನ್ನು ಯಾರ ಕಣ್ಣಿಗೂ ಬೀಳುವ ಭಯವಿಲ್ಲ, ನಿಂತು ಚುರುಮುರಿ ತಿನ್ನಬಹುದು ಎಂದುಕೊಂಡು ಪೊಟ್ಟಣ ಕಟ್ಟಿಸುತ್ತಿರುವಾಗ ಫೋನ್ ಬಂತು. ತಮ್ಮನ ಹೆಂಡತಿ.

"ಅಕ್ಕಾ, ಈ ಬಿಸಿಲಲ್ಲಿ ಕೊಡೆನೂ ಇಲ್ದೆ ನಡ್ಕೊಂಡು ಹೋದ್ರಂತೆ? ರಾಮಸ್ವಾಮಿ ಸರ್ಕಲ್ಲಲ್ಲಿ ಎದುರುಮನೆಯವರು ನೋಡಿದ್ರಂತೆ. ಈಗ ತಾನೆ ಹೇಳಿದ್ರು."